ತಾತನ ವಿಲ್ಲು ಸಿಕ್ಕ ಮೇಲೆ

ನಮ್ಮ ಸೋದರಮಾವನಿಗೆ ಎಂಬತ್ತೈದು. ಕಣ್ಣು ಚೆನ್ನಾಗಿದೆ, ಹಲ್ಲೂ ಅರ್ಧಕ್ಕರ್ಧ ಇವೆ, ಹಠ ಮಾತ್ರ ವರ್ಷದಿಂದ ವರ್ಷಕ್ಕೆ ಬಲೀತಾನೇ ಇದೆ. ಸರ್ವೆ ಇಲಾಖೆಯಲ್ಲಿ ನಕ್ಷೆ ಬರೀತಿದ್ದ ಮನುಷ್ಯ. ರಿಟೈರಾದ ಮೇಲೆ ಅಳೆಯೋಕೆ ನೆಲ ಸಿಗದೆ ವಂಶವೃಕ್ಷ ಬರೆಯೋಕೆ ಕೂತರು. ಹನ್ನೊಂದು ವರ್ಷ ಬರೆದರು. ಈಗ ಪುಸ್ತಕ ಮಾಡಿಸ್ತೀನಿ ಅಂತ ಹೊರಟು, ಪ್ರೆಸ್ಸಿಗೆ ಕೊಡೋ ಮುಂಚೆ ಎಲ್ಲರ ಮನೆಗೂ ಒಂದೊಂದು ಕರಡು ಪ್ರತಿ ಕಳಿಸಿದರು. ಅಲ್ಲಿಂದ ಶುರುವಾಯ್ತು ನನ್ನ ಗ್ರಹಚಾರ.

ಅಮ್ಮ ಭೂತಗನ್ನಡಿ ಹಿಡಿದು ಆ ದೊಡ್ಡ ಹಾಳೆಯಲ್ಲಿ ತನ್ನನ್ನು ಹುಡುಕಿದಳು. ತಾತನ ಹೆಸರಿನ ಕೆಳಗೆ ನಾಲ್ಕು ಗೆರೆ, ನಾಲ್ಕು ಮಕ್ಕಳು. ನಾಲ್ಕನೆಯವರು ಮಾವ, ಅಲ್ಲಿಗೆ ಮುಗೀತು. ಐದನೆಯವಳಾದ ನಮ್ಮಮ್ಮ ಅಲ್ಲಿಲ್ಲ. ಪಕ್ಕದ ಕೊಂಬೆಯಲ್ಲಿ, ತಾತನ ತಂಗಿಯ ಕೆಳಗೆ, 'ಸಾಕುಮಗಳು' ಅಂತ ಬರೆದು ಅವಳನ್ನು ನೇತುಹಾಕಿದ್ದರು.

ವಿಷಯ ಇಷ್ಟು. ಅಮ್ಮ ಹುಟ್ಟಿದ ವಾರಕ್ಕೇ ಅವಳ ತಾಯಿ ತೀರಿಕೊಂಡರು. ತಾತ ಕೂಸನ್ನು ತಂಗಿಯ ಕೈಗೆ ಕೊಟ್ಟರು. ಆ ತಂಗಿ, ಅಂದರೆ ಅಮ್ಮನ ಸೋದರತ್ತೆ, ಮದುವೆಯಾಗದೆ ಬಟ್ಟೆ ಹೊಲಿದುಕೊಂಡು ಒಂದೇ ಕೋಣೆಯ ಮನೆಯಲ್ಲಿ ಇದ್ದವರು. ಕೊಟ್ಟ ಮಗುವನ್ನು ತಾತ ವಾಪಸು ಕರೆಸಿಕೊಳ್ಳಲೇ ಇಲ್ಲ. ಅಮ್ಮ ಅವರನ್ನು ಅತ್ತೆ ಅಂತ ಕರೆದಳು, ಕೇಳಿ ಕೇಳಿ ನಾವು ಮಕ್ಕಳೂ ಅತ್ತೆ ಅಂತಲೇ ಕರೆದೆವು. ಅಮ್ಮನಿಗೆ ಹನ್ನೊಂದು ವರ್ಷ ಇದ್ದಾಗ ತಾತ ಹೋದರು. ಆಗಲೂ ಅತ್ತೆ ಅವಳನ್ನು ಆ ಮನೆಯ ಹೊಸಿಲು ತುಳಿಸಲಿಲ್ಲ. ಆ ಕೋಪ ಅಮ್ಮನಿಗೆ ಇವತ್ತಿಗೂ ಇಳಿದಿಲ್ಲ. ಅತ್ತೆ ತೀರಿಕೊಂಡು ಮೂವತ್ತು ವರ್ಷವಾಯ್ತು, ಈಗಲೂ ಸಾರಿಗೆ ಉಪ್ಪು ಹೆಚ್ಚಾದರೆ ಕೂಡ ಮಾತು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೆ: "ನನ್ನನ್ನ ಅಪ್ಪನ ಮನೆಯಿಂದ ದೂರ ಮಾಡಿದ್ದೇ ಅವರು."

ಅವತ್ತು ಊಟಕ್ಕೆ ಕೂತು ಎರಡು ತುತ್ತು ತಿಂದು ಎದ್ದಳು. "ಸಾಯೋದ್ರೊಳಗೆ ಒಂದ್ಸಲ ಅಪ್ಪನ ಕೆಳಗೆ ನನ್ನ ಹೆಸರು ನೋಡ್ಬೇಕು ಕಣೆ. ನಿಮ್ಮಾವನಿಗೆ ಹೇಳಿ ಹಾಕಿಸು," ಅಂದಳು. ಅವಳಿಗೀಗ ಎಪ್ಪತ್ತೆಂಟು, ಇಷ್ಟು ವರ್ಷದಲ್ಲಿ ನನ್ನ ಹತ್ತಿರ ಬಾಯಿ ಬಿಟ್ಟು ಕೇಳಿದ್ದು ಕಡಿಮೆ. ಆಗಲಿ, ಒಂದು ಫೋನಿನ ಕೆಲಸ ತಾನೇ ಅಂದುಕೊಂಡೆ ನಾನು, ಪೆದ್ದಿ.

"ಮಾವ, ಅಮ್ಮ ನಿಮ್ಮ ಸ್ವಂತ ತಂಗಿ ಅಲ್ವಾ?"

"ಹಾಗಂತಾರೆ."

"ಹಾಗಂತಾರೆ ಅಂದ್ರೆ? ಅವಳು ಹುಟ್ಟಿದಾಗ ನಿಮಗೆ ಏಳು ವರ್ಷ. ನೆನಪಿಲ್ವಾ?"

"ನೆನಪು ದಾಖಲೆ ಅಲ್ಲಮ್ಮ. ಈ ಪುಸ್ತಕದಲ್ಲಿ ಕಾಗದ ನೋಡದೆ ಒಂದೇ ಒಂದು ಗೆರೆ ಎಳೆದಿಲ್ಲ ನಾನು. ನನ್ನ ಹೆಂಡತೀನ ಸೇರಿಸಿದ್ದೂ ನಮ್ಮ ಮದುವೆ ಸರ್ಟಿಫಿಕೇಟ್ ನೋಡಿಯೇ. ಕಾಗದ ತಾ, ಎಳೀತೀನಿ. ಪ್ರೆಸ್ಸಿಗೆ ಹೋಗೋಕೆ ಇನ್ನೂ ಆರು ವಾರ ಇದೆ."

ನಲವತ್ತು ವರ್ಷ ಜೊತೆಗಿದ್ದ ಹೆಂಡತಿಯನ್ನೇ ಸರ್ಟಿಫಿಕೇಟ್ ನೋಡಿ ನಂಬಿದ ಮಹಾನುಭಾವನ ಹತ್ತಿರ ಏನು ವಾದ ಮಾಡೋದು. ಹುಟ್ಟಿದ ದಾಖಲೆ ಹುಡುಕಿಕೊಂಡು ಹೋದೆ. ಆ ವರ್ಷದ ಪುಸ್ತಕಕ್ಕೆ ಯಾವಾಗಲೋ ನೀರು ನುಗ್ಗಿ ಮುದ್ದೆಯಾಗಿತ್ತಂತೆ. ಹಿಂದಿನ ವರ್ಷದ್ದು ಇದೆ, ಮುಂದಿನ ವರ್ಷದ್ದು ಇದೆ, ನಮಗೆ ಬೇಕಾದ್ದು ಮಾತ್ರ ಇಲ್ಲ. ಶಾಲೆಯ ದಾಖಲೆಯಲ್ಲಿ ಅಪ್ಪ ಅನ್ನೋ ಕಡೆ ಗೀಟು, ಪೋಷಕರು ಅನ್ನೋ ಕಡೆ ಅತ್ತೆಯ ಹೆಸರು. ಒಂದು ವಾರ ಹೀಗೇ ಕೈಬಿಟ್ಟು ಹೋಯ್ತು.

ನಾನು ಔಷಧಿ ಅಂಗಡಿಯಲ್ಲಿ ಕೆಲಸ ಮಾಡೋಳು. ಬಿಪಿ ಮಾತ್ರೆಗೆ ಬರೋ ಒಬ್ಬರು ಹಳೇ ವಕೀಲರು ನನ್ನ ಗೋಳು ಕೇಳಿ ಕೇಳಿ ಸಾಕಾಗಿ ಒಂದು ದಿನ ಅಂದರು: "ನಿಮ್ಮ ತಾತ ವಿಲ್ಲು ಬರೆದಿದ್ರೇನಮ್ಮ? ಬರೆದಿದ್ರೆ ಅದರಲ್ಲಿ ಮಕ್ಕಳ ಹೆಸರೆಲ್ಲ ಇರುತ್ತೆ. ಅದಕ್ಕೆ ಪ್ರೊಬೇಟ್ ತಗೊಂಡಿದ್ರೆ, ಅಂದ್ರೆ ಈ ವಿಲ್ಲು ಅಸಲಿ ಅಂತ ಕೋರ್ಟಿಂದ ಒಪ್ಪಿಗೆ ಪಡೆದಿದ್ರೆ, ಅಸಲು ಕಾಗದ ಕೋರ್ಟಲ್ಲೇ ಇರುತ್ತೆ. ಎಷ್ಟು ವರ್ಷ ಆದ್ರೂ ಎಸೆಯಲ್ಲ."

ಮಾವನಿಗೆ ಫೋನ್ ಮಾಡಿದೆ. "ವಿಲ್ಲಾ? ಇತ್ತು ಅನ್ಸುತ್ತೆ. ಅದೆಲ್ಲ ದೊಡ್ಡಣ್ಣ ನೋಡ್ಕೊಂಡ," ಅಂದರು. ದೊಡ್ಡಣ್ಣ ಹೋಗಿ ಯಾವ ಕಾಲವಾಯ್ತೋ. ನಾಲ್ವರಲ್ಲಿ ಈಗ ಉಳಿದಿರೋದು ಮಾವ ಒಬ್ಬರೇ. ಇದನ್ನು ಮೊದಲ ದಿನವೇ ಹೇಳಿದ್ದರೆ ಒಂದು ವಾರ ಉಳೀತಿತ್ತು. ಹೇಳಲಿಲ್ಲ.

ಕೋರ್ಟಿನ ರೆಕಾರ್ಡ್ ರೂಮು ನೆಲಮಾಳಿಗೆಯಲ್ಲಿದೆ. ಒಂದು ಉದ್ದ ಮೇಜು, ಅದರಾಚೆ ಕಬ್ಬಿಣದ ಬೀರುಗಳು, ಮಧ್ಯೆ ಒಬ್ಬ ಗುಮಾಸ್ತ. ಲಂಚ ಕೇಳೋನಲ್ಲ, ಸಿಡುಕೋನಲ್ಲ, ಊಟದ ಹೊತ್ತಿಗೆ ಮಾಯವಾಗೋನೂ ಅಲ್ಲ. ಆದರೆ ಕೇಳಿದ ಪ್ರಶ್ನೆಗೆ ಎಷ್ಟು ಉತ್ತರವೋ ಅಷ್ಟೇ, ಒಂದು ಅಕ್ಷರ ಹೆಚ್ಚಿಗೆ ಬರಲ್ಲ. ಎರಡನೇ ದಿನವೇ ಅವನಿಗೆ ನಾನು 'ಕೇಳಿದ್ದಷ್ಟೇ' ಅಂತ ಹೆಸರಿಟ್ಟೆ.

ತಾತ ಸತ್ತ ವರ್ಷ ಹೇಳಿ ಆ ವರ್ಷದ ಪ್ರೊಬೇಟ್ ಕೇಸುಗಳ ಸೂಚಿಪುಸ್ತಕ ಕೊಡಿ ಅಂದೆ. ಕೊಟ್ಟ. ಮೊದಲ ಪುಟದಿಂದ ಕೊನೆಯವರೆಗೂ ಬೆರಳಿಟ್ಟು ಓದಿದೆ. ಡಾಕ್ಟರ ಕೈಬರಹ ಓದಿ ಹೊಟ್ಟೆ ಹೊರೆಯೋಳು ನಾನು, ನನ್ನ ಕಣ್ಣಿಗೆ ತಪ್ಪಿಸಿಕೊಳ್ಳೋ ಅಕ್ಷರ ಇಲ್ಲ. ತಾತ ಇರಲಿಲ್ಲ. ಹೆಸರು ಹಿಂದುಮುಂದಾಗಿದೆಯೇನೋ ಅಂತ ಮಾರನೇ ದಿನ ಮತ್ತೆ ಓದಿದೆ. ಮೂರನೇ ದಿನ ಅಂಗಡಿಗೆ ರಜ ಹಾಕಿ ಮೂರನೇ ಸಲ ಓದಿದೆ. ಕತ್ತು ಹಿಡಿದುಕೊಂಡಿತು, ಧೂಳಿಗೆ ಮೂಗು ಸೋರತೊಡಗಿತು.

"ಸಾರ್, ಸತ್ತ ವರ್ಷದ ಪುಸ್ತಕದಲ್ಲಿ ನಮ್ಮ ತಾತ ಇಲ್ಲವಲ್ಲ," ಅಂದೆ.

"ಇರಲ್ಲ," ಅಂದ.

"ಯಾಕೆ?"

"ಇಲ್ಲಿ ಸತ್ತ ವರ್ಷದ ಪುಸ್ತಕ ಇಲ್ಲವೇ ಇಲ್ಲ. ಕೋರ್ಟು ಯಾವ ವರ್ಷ ಆದೇಶ ಕೊಡ್ತೋ ಆ ವರ್ಷದಲ್ಲಿ ಬರೀತಾರೆ."

"ಇದನ್ನ ಮೊನ್ನೆಯೇ ಹೇಳಬಾರದಿತ್ತಾ?"

"ಇಂಥ ವರ್ಷದ ಪುಸ್ತಕ ಕೊಡಿ ಅಂದ್ರಿ. ಕೊಟ್ಟೆ."

ಮೈಯೆಲ್ಲ ಉರಿದುಹೋಯ್ತು. ಮೂರು ದಿನ ನನ್ನೆದುರಿಗೇ ಕೂತು, ನಾನು ಸೀನೋದನ್ನು ನೋಡುತ್ತಾ ಇದ್ದ ಪುಣ್ಯಾತ್ಮ. ಮುಂದಿನ ವರ್ಷದ್ದು ಕೊಡಿ ಅಂದೆ, ಅದರಲ್ಲಿಲ್ಲ. ಅದರ ಮುಂದಿನದು, ಅದರಲ್ಲೂ ಇಲ್ಲ. ಸತ್ತು ಮೂರು ವರ್ಷದ ನಂತರದ ಪುಸ್ತಕದಲ್ಲಿ, ಹದಿನೇಳನೇ ಪುಟದಲ್ಲಿ, ತಾತ ಸಿಕ್ಕರು. ವಿಲ್ಲಿನ ನಕಲಿಗೆ ಅರ್ಜಿ ಬರೆದುಕೊಟ್ಟೆ. ಬರೋಕೆ ಎಂಟು ದಿನ ಹಿಡೀತು. ನನ್ನ ಆರು ವಾರದಲ್ಲಿ ಮೂರೂವರೆ ಅಲ್ಲಿಗೆ ಖಾಲಿ.

ನಕಲು ಕೈಗೆ ಬಂದಾಗ ಅಲ್ಲೇ ಓದಬೇಕಿತ್ತು. ಅಮ್ಮನೆದುರಿಗೇ ಮೊದಲು ಬಿಚ್ಚೋಣ ಅಂತ ದೊಡ್ಡ ಉತ್ಸಾಹದಲ್ಲಿ ಮನೆಗೆ ತಂದೆ. ಅಮ್ಮ ತಲೆ ಬಾಚಿಕೊಂಡು, ಕುರ್ಚಿ ಎಳೆದುಕೊಂಡು ಕೂತಳು. ನಾನು ಗಟ್ಟಿಯಾಗಿ ಓದೋಕೆ ಶುರು ಮಾಡಿದೆ.

"ನನಗೆ ನಾಲ್ಕು ಜನ ಮಕ್ಕಳು," ಅಂತಿತ್ತು ಎರಡನೇ ಸಾಲು.

ಮುಂದಕ್ಕೆ ಓದಿದೆ, ಎಲ್ಲಾದರೂ ಬರಬಹುದು ಅಂತ. ಮನೆ ಯಾರಿಗೆ, ಮಂಚ ಯಾರಿಗೆ, ಗೋಡೆ ಗಡಿಯಾರ ಯಾರಿಗೆ, ಎಲ್ಲ ಬರೆದಿದ್ದರು ತಾತ. ತಮ್ಮ ಛತ್ರಿಗೂ ಒಬ್ಬ ವಾರಸುದಾರನನ್ನು ಮರೆಯದೆ ಹೆಸರಿಸಿದ್ದರು. ಅಮ್ಮನ ಹೆಸರು ಎಲ್ಲೂ ಇರಲಿಲ್ಲ. ಕೊನೆಯ ಸಾಲಿಗೆ ಬರೋಷ್ಟರಲ್ಲಿ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಸುಳ್ಳೇ ಒಂದು ಸಾಲು ಸೇರಿಸಿ ಓದಿಬಿಡಲೇ ಅನ್ನಿಸಿತು, ಧೈರ್ಯ ಬರಲಿಲ್ಲ.

"ಎಷ್ಟು ಜನ ಅಂತ ಬರೆದಿದಾರೆ?" ಅಮ್ಮ ಕೇಳಿದಳು.

"ನಾಲ್ಕು."

"ಸರಿ ಬಿಡು," ಅಂದಳು. ಭೂತಗನ್ನಡಿಯನ್ನು ಸೆರಗಲ್ಲಿ ಒರೆಸಿ ಬೀರುವಿನಲ್ಲಿಟ್ಟು, ಒಣಗಿದ ಬಟ್ಟೆ ಮಡಚೋಕೆ ಹೋದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಬಟ್ಟೆ ಮಡಚೋಳಿಗೆ ಏನಂತ ಹೇಳೋದು.

ನನಗೆ ಯಾರ ಮೇಲೆ ಕೋಪ ಬಂತು ಅಂತ ಕೇಳಿದರೆ, ಎಲ್ಲರ ಮೇಲೂ. ಸತ್ತ ತಾತನ ಮೇಲೆ, ಬದುಕಿರೋ ಮಾವನ ಮೇಲೆ, ವಿಲ್ಲಿನ ಐಡಿಯಾ ಕೊಟ್ಟ ವಕೀಲರ ಮೇಲೆ. ಹೆಚ್ಚಾಗಿ ನನ್ನ ಮೇಲೆ. ಸುಮ್ಮನಿದ್ದಿದ್ದರೆ ಅಮ್ಮನಿಗೆ ಅಣ್ಣನ ಮೇಲೆ ಮಾತ್ರ ಬೇಜಾರು ಇರ್ತಿತ್ತು. ನಾನು ಕಾಲು ಸವೆಸಿ, ರಜ ಹಾಳುಮಾಡಿ, ಅವಳಿಗೆ ಅಪ್ಪನ ಮೇಲೂ ಬೇಜಾರು ತಂದುಕೊಟ್ಟೆ.

ಎರಡು ದಿನ ಬಿಟ್ಟು ಅಂಗಡಿಯಲ್ಲಿ ಅವಧಿ ಮುಗಿದ ಔಷಧಿ ಬೇರೆ ಮಾಡ್ತಾ ಇದ್ದೆ. ದಿನವಿಡೀ ತಾರೀಕು ನೋಡೋದೇ ಆ ಕೆಲಸ. ಆಗ ತಲೆಗೆ ಬಂತು, ತಾತ ಸತ್ತಿದ್ದಕ್ಕೂ ಕೋರ್ಟಿನ ಆದೇಶಕ್ಕೂ ನಡುವೆ ಮೂರು ವರ್ಷ ಯಾಕೆ ಇದೆ? ಛತ್ರಿ ಗಡಿಯಾರ ಹಂಚೋಕೆ ಅಷ್ಟು ವರ್ಷ ಬೇಕಾ? ಮಧ್ಯಾಹ್ನ ಮಾಲೀಕರಿಗೆ ತಲೆನೋವು ಅಂತ ಹೇಳಿ ರೆಕಾರ್ಡ್ ರೂಮಿಗೆ ಹೋದೆ. ತಲೆನೋವು ಸುಳ್ಳೇನೂ ಆಗಿರಲಿಲ್ಲ.

"ಮೂರು ವರ್ಷ ಯಾಕೆ ಆಯ್ತು?" ಅಂತ ಕೇಳಿದೆ.

ಕೇಳಿದ್ದಷ್ಟೇ ಸಾಹೇಬ ಪುಸ್ತಕ ನೋಡಿದ. "ತಕರಾರು ಬಂದಿರುತ್ತೆ. ಯಾರೂ ಅಡ್ಡ ಬರದಿದ್ರೆ ಆರು ತಿಂಗಳಲ್ಲಿ ಮುಗಿಯುತ್ತೆ."

"ಆ ತಕರಾರಿನ ಕಾಗದ ಎಲ್ಲಿರುತ್ತೆ?"

"ಫೈಲಲ್ಲಿ."

"ಯಾವ ಫೈಲು?"

"ಇದೇ ಪ್ರೊಬೇಟ್ ಕೇಸಿನ ಫೈಲು. ಅರ್ಜಿ, ನೋಟಿಸು, ಹೇಳಿಕೆ, ಎಲ್ಲ ಅದರಲ್ಲೇ ಇರುತ್ತೆ. ವಿಲ್ಲು ಅದರಲ್ಲಿ ಒಂದು ಕಾಗದ ಅಷ್ಟೇ."

"ಅದನ್ನ ನನಗೆ ಯಾಕೆ ತೋರಿಸಲಿಲ್ಲ?"

"ನೀವು ವಿಲ್ಲಿನ ನಕಲು ಕೇಳಿದ್ರಿ. ಫೈಲು ಕೇಳಲಿಲ್ಲ."

ಮೇಜಿಗೆ ಹಣೆ ಚಚ್ಚಿಕೊಳ್ಳೋದೊಂದು ಬಾಕಿ. ಅವನ ಮುಖದಲ್ಲಿ ಎಳ್ಳಷ್ಟೂ ಕುಚೋದ್ಯ ಇರಲಿಲ್ಲ, ಅದಕ್ಕೇ ಬಯ್ಯೋಕೂ ಆಗಲಿಲ್ಲ. "ಆ ಫೈಲಿನಲ್ಲಿ ಎಷ್ಟು ಹಾಳೆ ಇವೆಯೋ ಅಷ್ಟೂ ಹಾಳೆ ನೋಡಬೇಕು. ಇನ್ನೇನಾದ್ರೂ ಬೇರೆ ಹೆಸರಲ್ಲಿ ಕೇಳಬೇಕಿದ್ರೆ ಅದನ್ನೂ ಈಗಲೇ ಹೇಳಿಬಿಡಿ," ಅಂದೆ. "ಇಲ್ಲ, ಇಷ್ಟು ಸಾಕು," ಅಂತ ಒಳಗೆ ಹೋಗಿ, ಲಾಡಿ ಕಟ್ಟಿದ ಒಂದು ಕಟ್ಟು ತಂದು ಮುಂದಿಟ್ಟ.

ತಕರಾರು ಹಾಕಿದ್ದು ಅತ್ತೆ.

ಅದನ್ನು ಓದಿ ನಂಬೋಕಾಗದೆ ಸಹಿ ನೋಡಿದೆ. ಅತ್ತೆಯದೇ ಸಹಿ, ಹೊಲಿಗೆ ಹಾಕಿದ ಹಾಗೆ ಸಣ್ಣಗೆ ಒತ್ತೊತ್ತಾಗಿ. ಯಾರೋ ಅರ್ಜಿ ಬರೆಯುವವನ ಕೈಲಿ ಟೈಪ್ ಮಾಡಿಸಿದ್ದರು. ಸತ್ತವರಿಗೆ ಐದನೇ ಮಗುವಾಗಿ ಒಬ್ಬ ಮಗಳಿದ್ದಾಳೆ, ಹುಟ್ಟಿದ ವಾರದಿಂದ ನನ್ನ ಹತ್ತಿರ ಬೆಳೆಯುತ್ತಿದ್ದಾಳೆ, ಅವಳಿಗೆ ಏನೂ ಕೊಡದಿದ್ದರೆ ಬೇಡ, ಅವಳು ಅವರ ಮಗಳು ಅನ್ನುವುದನ್ನು ಮಾತ್ರ ಕೋರ್ಟು ಬರೆದುಕೊಳ್ಳಬೇಕು ಅಂತ. ಎರಡು ವರ್ಷದಲ್ಲಿ ಒಂಬತ್ತು ಸಲ ಕೋರ್ಟಿಗೆ ಬಂದಿದ್ದರು. ಒಂಬತ್ತೂ ತಾರೀಕು ಅಲ್ಲಿವೆ.

ಅದರ ಹಿಂದೆ ನಾಲ್ಕು ಜನ ಮಕ್ಕಳ ಉತ್ತರ. ಇಂಥ ಸಹೋದರಿ ನಮಗೆ ಯಾರೂ ಇಲ್ಲ, ಆ ಹುಡುಗಿ ಯಾರೆಂದು ನಮಗೆ ತಿಳಿಯದು. ಕೆಳಗೆ ನಾಲ್ಕು ಸಹಿ. ನಾಲ್ಕನೆಯದು ಮಾವನದು. ಆಗ ಅವರಿಗೆ ಇಪ್ಪತ್ತು ವರ್ಷ.

ಆಮೇಲೆ ಕೋರ್ಟಿನ ಆದೇಶ: ಹುಡುಗಿಯನ್ನು ಇಂಥ ದಿನ ಕರೆತನ್ನಿ, ವಿಚಾರಿಸುತ್ತೇವೆ. ಅದಾದ ಮೇಲೆ ಕೊನೆಯ ಹಾಳೆ, ಅದು ಟೈಪಾಗಿರಲಿಲ್ಲ, ಅತ್ತೆಯ ಕೈಬರಹ. ಅಲ್ಲೇ ಕೂತು ಅದನ್ನು ಓದಿ ಮೂಗು ಒರೆಸಿಕೊಂಡೆ. ಗುಮಾಸ್ತ ಧೂಳಿಗೆ ಅಂದುಕೊಂಡಿರಬೇಕು. ಎದ್ದುಹೋಗಿ ಒಂದು ಲೋಟ ನೀರು ತಂದಿಟ್ಟ, ಅದನ್ನು ನಾನು ಕೇಳಿರಲಿಲ್ಲ.

ಎಲ್ಲದರ ಎರಡೆರಡು ನಕಲು ಕೈಗೆ ಬರೋಷ್ಟರಲ್ಲಿ ಐದು ವಾರ ಮುಗಿದಿತ್ತು. ಮೊದಲು ಹೋಗಿದ್ದು ಮಾವನ ಮನೆಗೆ. ಮೇಜಿನ ಮೇಲೆ ವಂಶವೃಕ್ಷದ ದೊಡ್ಡ ಹಾಳೆ ಹರಡಿ, ನಾಲ್ಕು ಮೂಲೆಗೂ ಪೇಪರ್‌ವೇಟ್ ಇಟ್ಟುಕೊಂಡು ಕೂತಿದ್ದರು. ಅದರ ಮೇಲೇ ಒಂದು ನಕಲು ಇಟ್ಟೆ.

"ಕೇಳಿದ್ರಲ್ಲ, ಕಾಗದ. ತಂದಿದೀನಿ."

ಅತ್ತೆಯ ಅರ್ಜಿ ಓದಿದರು. ಉತ್ತರ ಓದಿದರು. ಕೆಳಗಿನ ಸಹಿಯ ಮೇಲೆ ಬೆರಳಿಟ್ಟರು. "ಇದು ನನ್ನದು."

"ಗೊತ್ತು ಮಾವ."

"ದೊಡ್ಡಣ್ಣ ಮುಂದಿಟ್ಟ. ಹಾಕು ಅಂದ, ಹಾಕಿದೆ."

"ಓದದೇ ಹಾಕಿದ್ರಾ?"

"ಓದೇ ಹಾಕಿದೆ," ಅಂದರು. ಸುಳ್ಳು ಹೇಳಲಿಲ್ಲ, ಅಷ್ಟಾದರೂ ಮರ್ಯಾದೆ ಉಳಿಸಿಕೊಂಡರು. ಆಮೇಲೆ ಕನ್ನಡಕ ಸರಿಮಾಡಿಕೊಂಡು ಶುರು ಮಾಡಿದರು: "ಆದ್ರೆ ನೋಡಮ್ಮ, ಇಲ್ಲಿ ಎರಡು ದಾಖಲೆ ಆಯ್ತು. ಒಂದು ಇದಾಳೆ ಅನ್ನುತ್ತೆ, ಒಂದು ಇಲ್ಲ ಅನ್ನುತ್ತೆ. ನಾನು ಯಾವುದನ್ನ..."

ನನ್ನ ತಾಳ್ಮೆ ಅಲ್ಲಿಗೆ ಮುಗೀತು. "ಮಾವ, ಇಲ್ಲ ಅನ್ನೋ ದಾಖಲೆ ಬರೆದುಕೊಟ್ಟವರೇ ನೀವು. ಹೋಗ್ಲಿ, ದಾಖಲೆ ಪಕ್ಕಕ್ಕಿಡಿ. ಏಳು ವರ್ಷದ ಹುಡುಗ ತೊಟ್ಟಿಲು ನೋಡಿದ್ನೋ ಇಲ್ವೋ? ಅದನ್ನ ಬಾಯಲ್ಲೇ ಹೇಳಿ ಸಾಕು."

"ನೋಡಿದ್ದೆ," ಅಂದರು. "ತೂಗಿಯೂ ಇದ್ದೆ."

ಸ್ಕೇಲು ತಗೊಂಡರು, ಪೆನ್ನಿನ ಮುಚ್ಚಳ ತೆಗೆದರು. ತಾತನ ಹೆಸರಿನಿಂದ ಐದನೇ ಗೆರೆ ಎಳೆದು, ಅದರ ತುದಿಗೆ ಅಮ್ಮನ ಹೆಸರು ಬರೆದರು. ಪಕ್ಕದ ಕೊಂಬೆಯಲ್ಲಿದ್ದ ಹೆಸರನ್ನು ಬ್ಲೇಡಿನಿಂದ ನಿಧಾನಕ್ಕೆ ಕೆರೆದು ತೆಗೆದರು. ಫೋನಿನಲ್ಲಿ ಅದರ ಫೋಟೋ ತಗೊಂಡು, ಆ ನಕಲು ಅಲ್ಲೇ ಬಿಟ್ಟು, ಬಸ್ಸಿಗೂ ಕಾಯದೆ ಆಟೋ ಹಿಡಿದು ಮನೆಗೆ ಬಂದೆ.

ಅಮ್ಮ ಫೋಟೋ ನೋಡಿದಳು. ಭೂತಗನ್ನಡಿ ಬೇಕಾಗಲಿಲ್ಲ, ನಾನೇ ದೊಡ್ಡದು ಮಾಡಿ ತೋರಿಸಿದೆ. ತನ್ನ ಹೆಸರಿನ ಮೇಲೆ, ಆಮೇಲೆ ಅಪ್ಪನ ಹೆಸರಿನ ಮೇಲೆ ಬೆರಳಾಡಿಸಿದಳು. ಮುಖ ಅರಳಿತು. ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ಕೆಲಸ ಮುಗೀತಿತ್ತು. "ಅಣ್ಣ ಹೇಗೆ ಒಪ್ಪಿದ? ಏನು ಕಾಗದ ಸಿಕ್ತು?" ಅಂತ ಕೇಳಿದಳು. ಮುಚ್ಚಿಡೋಕೆ ನನಗೆ ಮನಸ್ಸು ಬರಲಿಲ್ಲ. ಎಲ್ಲ ಓದಿದೆ, ಕೊನೆಯ ಹಾಳೆಯನ್ನೂ.

"ಮಗುವನ್ನು ಕರೆತರಲು ಹೇಳಿದ್ದೀರಿ. ಅವಳಿಗೆ ಈಗ ಹದಿಮೂರು ವರ್ಷ. ಒಡಹುಟ್ಟಿದವರು ನಾಲ್ವರೂ ಎದುರಿಗೆ ನಿಂತು ಇವಳು ಯಾರೋ ನಮಗೆ ಗೊತ್ತಿಲ್ಲ ಅನ್ನುವುದನ್ನು ಅವಳು ಕೇಳಬಾರದು. ಅವಳ ತಂದೆ ಅವಳ ಹೆಸರು ಬರೆಯದೆ ಹೋದರು ಅನ್ನುವುದೂ ಅವಳಿಗೆ ತಿಳಿಯಬಾರದು. ಅದಕ್ಕೆ ನನ್ನ ತಕರಾರು ವಾಪಸು ತೆಗೆದುಕೊಳ್ಳುತ್ತೇನೆ. ಇನ್ನು ಯಾರನ್ನೂ ಕೇಳುವುದಿಲ್ಲ. ಅವಳು ನನ್ನ ಮಗಳು."

ಅಮ್ಮ ಇನ್ನೊಮ್ಮೆ ಓದು ಅಂದಳು, ಓದಿದೆ. ಮತ್ತೊಮ್ಮೆ ಅಂದಳು. ಮೂರನೇ ಸಲ ಮುಗಿದ ಮೇಲೆ ಕೈ ಚಾಚಿದಳು. "ಫೋನ್ ಕೊಡು. ಅಣ್ಣನಿಗೆ ಹಚ್ಚು."

ಕೃತಜ್ಞತೆ ಹೇಳ್ತಾಳೆ ಅಂದುಕೊಂಡು ಹಚ್ಚಿ ಸ್ಪೀಕರಿಗೆ ಹಾಕಿದೆ.

"ಅಣ್ಣ, ನನ್ನನ್ನ ಅಲ್ಲಿಂದ ತೆಗಿ. ಮೊದಲಿದ್ದ ಕಡೆಗೇ ಹಾಕು, ಅತ್ತೆ ಕೆಳಗೆ. ಸಾಕುಮಗಳು ಅಂತ ಬೇಡ, ಮಗಳು ಅಂತ ಬರಿ."

"ಅದಕ್ಕೆ ಕಾಗದ..." ಅಂದರು ಮಾವ, ಅಭ್ಯಾಸಬಲ.

"ಇದೆ. ನಿನ್ನ ಮೇಜಿನ ಮೇಲೇ ಇದೆ, ಕೊನೇ ಹಾಳೆ. ಓದು."

ಆ ಕಡೆ ಹಾಳೆ ತಿರುವೋ ಸದ್ದು. "ಹಾಗಾದ್ರೆ ನಾನು ನಿನಗೆ ಏನಾಗ್ಬೇಕು?" ಅಂತ ಕೇಳಿದರು. ಆ ದನಿಯನ್ನು ನಾನು ಅವರ ಬಾಯಲ್ಲಿ ಯಾವತ್ತೂ ಕೇಳಿರಲಿಲ್ಲ.

"ನೀನೇ ಬರೆದುಕೊಟ್ಟಿದೀಯಲ್ಲ ಅಣ್ಣ," ಅಂದಳು ಅಮ್ಮ, ಕೋಪವೇನೂ ಇಲ್ಲದೆ. ಫೋನು ನನ್ನ ಕೈಗೆ ಕೊಟ್ಟಳು.

ನನಗೆ ರೇಗಿಹೋಯ್ತು. ಐದು ವಾರ. ರಜ ಎಲ್ಲ ಖಾಲಿ. ಒಂದು ಸೂಚಿಪುಸ್ತಕ ಮೂರು ಸಲ ಓದಿದೀನಿ, ಆ ಗುಮಾಸ್ತನ ಹತ್ತಿರ ಮಾತಾಡಿ ಮಾತಾಡಿ ನನಗೇ ಬಿಪಿ ಬಂದಿದೆ. "ನೀನೇ ತಾನೇ ಅಪ್ಪನ ಕೆಳಗೆ ಹಾಕಿಸು ಅಂದಿದ್ದು? ಈಗ ಹಾಕಿಸಿದ ಮೇಲೆ ಬೇಡ ಅಂದ್ರೆ ನಾನು ಏನಂತ ತಿಳ್ಕೊಳ್ಳಲಿ? ನಿಮ್ಮಣ್ಣನ ಹಠ ಒಂದು ತೂಕ, ನಿಂದು ಒಂದು ತೂಕ," ಅಂತ ಕೂಗಾಡಿದೆ.

ಅಮ್ಮ ಕೇಳಿಸಿಕೊಂಡಳು, ನಾನು ಮುಗಿಸೋವರೆಗೂ ಕಾದಳು.

"ನನ್ನನ್ನ ಅವತ್ತು ಕೋರ್ಟಿಗೆ ಕರ್ಕೊಂಡು ಹೋಗಿದ್ರೆ ಅತ್ತೆ ಗೆಲ್ತಿದ್ರು, ಅಲ್ವಾ?" ಅಂತ ಕೇಳಿದಳು.

"ಗೆಲ್ತಿದ್ರು ಅನ್ಸುತ್ತೆ."

"ಆಸ್ಪತ್ರೇಲಿ ಅವರ ಕೊನೇ ದಿನವೂ ಅದನ್ನೇ ಕೇಳಿದ್ದೆ ಕಣೆ. ನನ್ನನ್ನ ಒಂದು ದಿನ, ಒಂದೇ ಒಂದು ದಿನ ಅಪ್ಪನ ಮನೆಗೆ ಯಾಕೆ ಕರ್ಕೊಂಡು ಹೋಗಲಿಲ್ಲ ಅಂತ. ನೀರು ಕುಡಿಸ್ತಾ ಕುಡಿಸ್ತಾನೇ ಕೇಳಿದ್ದೆ. 'ನನ್ನದೇ ತಪ್ಪು ಬಿಡೆ' ಅಂದ್ರು."

ಅಮ್ಮ ಕೊನೆಯ ಹಾಳೆಯನ್ನು ನನ್ನ ಕೈಯಿಂದ ತಗೊಂಡು, ಆ ಸಣ್ಣ ಅಕ್ಷರ ಅವಳಿಗೆ ಕಾಣದಿದ್ದರೂ, ಕಿಟಕಿಯ ಬೆಳಕಿಗೆ ಹಿಡಿದುಕೊಂಡು ಕೂತಳು.